ಟರ್ನ್‌ಟೇಬಲ್‌ನ ಪ್ಲ್ಯಾಟರ್‌ಗೆ ‘ತಟ್ಟೆ’ ಸಾಕಾ? ‘ಭಾರ’, ‘ಸ್ಥಿರ ವೇಗ’ ಸರಿಯಾ?

ಎಲ್ಲರಿಗೂ ನಮಸ್ಕಾರ. ವಿನೈಲ್ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಬಗ್ಗೆ ಬರೆಯುತ್ತಿದ್ದೇನೆ, ಮೂರು ಕಡೆ ಪದ ಸಿಗದೆ ನಿಂತಿದ್ದೇನೆ.

ರೆಕಾರ್ಡನ್ನು ಹೊತ್ತು ತಿರುಗುವ ಪ್ಲ್ಯಾಟರ್‌ಗೆ ‘ತಟ್ಟೆ’ ಅನ್ನೋಣ ಎಂದರೆ ರೆಕಾರ್ಡನ್ನೇ ಗ್ರಾಮಫೋನ್ ತಟ್ಟೆ ಅನ್ನುವ ರೂಢಿ ಇದೆ. ‘ತಟ್ಟೆಯ ಮೇಲೆ ತಟ್ಟೆ ಇಡಿ’ ಅಂತ ಬರೆದರೆ ನಗ್ತಾರೆ ಅಲ್ವಾ? ನನಗೆ ‘ತಿಗರಿ’ ಇಷ್ಟ. ಕುಂಬಾರನ ತಿಗರಿ ಒಮ್ಮೆ ಓಟ ಹಿಡಿದರೆ, ಮಣ್ಣಿನ ಮೇಲೆ ಕೈ ಒತ್ತಿದರೂ ಬೇಗ ತಗ್ಗುವುದಿಲ್ಲ. ಇಲ್ಲಿ ಒತ್ತುವುದು ಕೈಯಲ್ಲ, ಮುಳ್ಳು. ಹಾಡು ಜೋರಾದಲ್ಲಿ ರೆಕಾರ್ಡಿನ ಮೇಲೆ ಮುಳ್ಳು ಓಡುವ ಗೀರಿನ ಅಲೆ ದೊಡ್ಡದಾಗಿ ಮುಳ್ಳಿನ ಎಳೆತ ಚೂರು ಹೆಚ್ಚುತ್ತದೆ, ಆ ಎಳೆತಕ್ಕೆ ಬಗ್ಗದಿರುವುದೇ ಪ್ಲ್ಯಾಟರ್ ಕೆಲಸ.

ಇನ್ನು ‘ಭಾರ’. ಪ್ಲ್ಯಾಟರ್ ಭಾರವಿದ್ದಷ್ಟೂ ಒಳ್ಳೆಯದು ಅಂತ ಸುಮ್ನೆ ಹೇಳಿಬಿಡುತ್ತಾರೆ. ಆದರೆ ಭಾರ ಎಲ್ಲಿದೆ ಅನ್ನುವುದು ಮುಖ್ಯ. ಅಷ್ಟೇ ತೂಕವನ್ನು ನಡುವಿನಿಂದ ಎರಡರಷ್ಟು ದೂರ ಇಟ್ಟರೆ ಓಟ ಬಿಡದಿರುವ ಗುಣ ನಾಲ್ಕರಷ್ಟು, ಅದಕ್ಕೇ ಅಂಚಿನಲ್ಲಿ ದಪ್ಪ ಬಳೆಯಿರುವ ಹಗುರ ಪ್ಲ್ಯಾಟರ್ ಕೂಡ ನಡುವೆ ತೂಕ ತುಂಬಿದ, ಅದಕ್ಕಿಂತ ಭಾರದ ಪ್ಲ್ಯಾಟರನ್ನು ಮೀರಿಸಬಹುದು. ಈ ಗುಣಕ್ಕೆ ಪಠ್ಯದ ಪದ ‘ಜಡತ್ವ’. ಆದರೆ ಆಡುಮಾತಿನಲ್ಲಿ ಜಡ ಅಂದರೆ ಸೋಮಾರಿ, ಮಂಕು. ಓಟ ಬಿಡದ ವಸ್ತುವಿಗೆ ಆ ಹೆಸರು ಯಾಕೋ ಒಗ್ಗುವುದಿಲ್ಲ. ‘ಓಟದ ಪಟ್ಟು’ ಅಂದರೆ ಅತಿಯಾಯಿತಾ? ಪಟ್ಟು ಜಾಸ್ತಿಯಾದರೆ ಓಟ ಹಿಡಿಯುವುದಕ್ಕೂ ಹೊತ್ತು ಬೇಕು, ತೂಕ ಏರಿದರೆ ಬೇರಿಂಗ್ ಮೇಲಿನ ಹೊರೆಯೂ ಏರುತ್ತದೆ.

ಹೆಚ್ಚು ಕಾಡಿದ್ದು ಮೂರನೆಯದು. ‘ಒಂದೇ ಸಮನೆ ತಿರುಗುತ್ತದೆ’ ಅಂತ ಬರೆದೆ. ಓದಿದವರಿಗೆ ‘ಬಿಡದೆ ತಿರುಗುತ್ತದೆ’ ಅಂತಲೇ ಕೇಳುತ್ತದೆ, ಮಳೆ ಒಂದೇ ಸಮನೆ ಸುರಿಯಿತು ಅನ್ನುವ ಹಾಗೆ. ‘ಸ್ಥಿರ ವೇಗ’ ಅಂದರೆ ಸರಿಯಾದ ವೇಗವೂ ಹೌದು ಅನ್ನಿಸಿಬಿಡುತ್ತದೆ, ಇವೆರಡೂ ಬೇರೆ. ನಿಮಿಷಕ್ಕೆ 33⅓ ಸುತ್ತಿನ ಬದಲು ಅಲುಗದೆ 34 ಸುತ್ತಿದರೆ ಶ್ರುತಿ ಸುಮಾರು ಅರೆಸ್ವರದ ಮೂರನೇ ಒಂದು ಪಾಲು ಏರಿ ಅಲ್ಲೇ ನಿಲ್ಲುತ್ತದೆ. ಇದನ್ನು ಯಾವ ಭಾರವೂ ಸರಿಮಾಡದು. ವೇಗ ನಿಧಾನವಾಗಿ ಏರಿಳಿದರೆ ‘ವಾವ್’, ಬೇಗಬೇಗ ಏರಿಳಿದರೆ ‘ಫ್ಲಟರ್’. ಇವಕ್ಕೆ ‘ಓಲಾಟ’, ‘ಅದುರು’ ಅಂತ ಇಟ್ಟುಕೊಂಡಿದ್ದೇನೆ. ರೆಕಾರ್ಡಿನ ತೂತು ನಡುವಿನಿಂದ ಸರಿದಿದ್ದರೆ ಸುತ್ತಿಗೊಮ್ಮೆ, ಅಂದರೆ 1.8 ಸೆಕೆಂಡಿಗೊಮ್ಮೆ ಶ್ರುತಿ ಓಲಾಡುತ್ತದೆ, ಪ್ಲ್ಯಾಟರ್ ಎಷ್ಟೇ ಗಟ್ಟಿಯಾಗಿ ಓಡಲಿ. ಇದನ್ನೂ ‘ಓಲಾಟ’ಕ್ಕೇ ಸೇರಿಸಬಹುದಾ ಅಥವಾ ಬೇರೆ ಪದ ಬೇಕಾ?

‘ಅದುರು’ ಬಗ್ಗೆ ನನಗೇ ಅನುಮಾನ, ಮೋಟಾರಿನ ಅದುರಿಗೂ ಅದೇ ಪದ ಬೇಕಾಗುತ್ತದೆ. ಸಂಗೀತದವರು ಯಾರಾದರೂ ಇದ್ದರೆ ಹೇಳಿ. ‘ಕಂಪಿತ’ ಮಾತ್ರ ಬೇಡ, ಅದು ಬೇಕೆಂದೇ ಹಾಡುವ ಗಮಕ.