ಅಪ್‌ಡೇಟ್: ಮೈಲೇಜ್ ಇಳಿದದ್ದಕ್ಕೆ ಕಾರಣ ಸಿಕ್ಕಿತು

ನನ್ನ ಪೆಟ್ರೋಲ್ ಕಾರಿನ ಮೈಲೇಜ್ 17ರಿಂದ 14ಕ್ಕೆ ಇಳಿದಿದೆ, ಯಾಕೆ ಅಂತ ಕೇಳಿದ್ದೆ. ತುಂಬಾ ಜನ ಇ20, ಅಂದರೆ ಎಥೆನಾಲ್ ಬೆರೆಸಿದ ಪೆಟ್ರೋಲ್ ಕಡೆ ಕೈ ತೋರಿಸಿದ್ದಿರಿ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಮ್ಮಿ, ನಿಜ. ಆದರೆ 20 ಪರ್ಸೆಂಟ್ ಬೆರೆಸಿದ್ದಕ್ಕೆ ಇಷ್ಟೊಂದು ಇಳಿಯಲ್ಲ ಅಲ್ವಾ?

ಡ್ಯಾಶ್‌ಬೋರ್ಡ್ ಲೆಕ್ಕ ಬಿಟ್ಟೆ. ಒಂದೇ ಬಂಕಿನಲ್ಲಿ ಆಟೋ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುತ್ತಾ ಬಂದೆ. ಹೈವೇಯಲ್ಲೂ ಹದಿನಾಲ್ಕೇ! ಟೈರ್ ಗಾಳಿ ಸರಿಯಾಗಿತ್ತು.

ಚಕ್ರದ ಬಿಸಿ ನೋಡಿ ಅಂದವರ ಮಾತೇ ಸರಿಯಾಯ್ತು. ಗಾಡಿ ನಿಲ್ಲಿಸಿ ನೋಡಿದರೆ ಮುಂದಿನ ಎಡ ರಿಮ್ ಕೈ ಇಡಲಾಗದಷ್ಟು ಬಿಸಿ, ಬಲಗಡೆಯದು ಬರೀ ಬೆಚ್ಚಗೆ. ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ ತುಕ್ಕು ಹಿಡಿದು ಪ್ಯಾಡ್ ಸದಾ ಉಜ್ಜುತ್ತಿತ್ತು. ಪಿನ್ ಬದಲಿಸಿ ಗ್ರೀಸ್ ಹಾಕಿದ ಮೇಲೆ 16 ದಾಟಿದೆ. ಆ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.