ಕೈಯಲ್ಲಿನ ಗೈಗರ್ ಮೀಟರ್ ಸೋರಿಕೆಯನ್ನು ಹೇಳೀತೇ?

ಪ್ರಶ್ನೆ: ಇಳಕಲ್ಲಿನ ಶಿಕ್ಷಕ
ಶಾಲೆಗೆ ತಂದ, ವಿಕಿರಣ ಎಣಿಸುವ ಗೈಗರ್ ಮೀಟರನ್ನು ಹೊಲದ ಎರೆಮಣ್ಣಿನ ಮೇಲೆ ಹಿಡಿದರೆ ಗಂಟೆಗೆ 0.08 ಮೈಕ್ರೋಸೀವರ್ಟ್ (ವಿಕಿರಣದ ಪ್ರಮಾಣದ ಅಳತೆ) ತೋರಿಸುತ್ತದೆ. ಅದನ್ನೇ ನಮ್ಮ ಪಡಸಾಲೆಯ ಕೆಂಪು ಗ್ರಾನೈಟ್ ಹಾಸಿನ ಮೇಲಿಟ್ಟರೆ 0.20 ದಾಟುತ್ತದೆ. ಜಪಾನಿನ ಫುಕುಶಿಮಾ ಅಣುಸ್ಥಾವರ ದುರಂತದ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ, "ಕೈಗಾದಾಗ ಏನರ ಆದ್ರ ಇದು ನಮಗ ಹೇಳತೈತೇನ್ರೀ ಸರ್?" ಎಂದು ಕೇಳಿದಳು. ಏನೆಂದು ಹೇಳಲಿ?

ಉತ್ತರ 1: ವಿಜಯಪುರದ ಭೌತಶಾಸ್ತ್ರ ಉಪನ್ಯಾಸಕಿ
ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ-40 ಸಹಜವಾಗಿಯೇ ಇರುವುದರಿಂದ ಅಂಕಿ ಏರುತ್ತದೆ, ಹೆದರಬೇಕಿಲ್ಲ. ಗೈಗರ್ ಕೊಳವೆ ಬಂದದ್ದನ್ನು ಎಣಿಸುತ್ತದೆಯೇ ಹೊರತು ಎಲ್ಲಿಂದ ಬಂತೆಂದು ಹೇಳಲಾರದು. ಅದಕ್ಕೆ ಕಿರಣಗಳ ಶಕ್ತಿಯನ್ನು ಅಳೆಯುವ ಗ್ಯಾಮಾ ಸ್ಪೆಕ್ಟ್ರೋಮೀಟರ್ ಬೇಕು: ಅದರಲ್ಲಿ, ಸ್ಥಾವರದ ಸೋರಿಕೆಯಿಂದ ಬರುವ ಸೀಸಿಯಂ-137 ಇದ್ದರೆ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿಯೂ ಅಯೋಡಿನ್-131 ಇದ್ದರೆ 364ರಲ್ಲಿಯೂ ಶಿಖರ ಏಳುತ್ತದೆ. 1986ರ ಏಪ್ರಿಲ್ 28ರಂದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಬೂಟು ಎಚ್ಚರಿಕೆಯ ಗಂಟೆ ಬಾರಿಸಿದಾಗ ಮೊದಲು ಎಲ್ಲರೂ ತಮ್ಮ ಸ್ಥಾವರವನ್ನೇ ಸಂಶಯಿಸಿದರು. ದೂಳಿನಲ್ಲಿದ್ದ ಪರಮಾಣುಗಳನ್ನು ಗುರುತಿಸಿದ ಮೇಲೆಯೇ ಸ್ಫೋಟಗೊಂಡಿದ್ದ ದೂರದ ಚೆರ್ನೋಬಿಲ್ ಸ್ಥಾವರದ ಕಡೆ ದೃಷ್ಟಿ ಹೊರಳಿತು.

ಉತ್ತರ 2: ಖಾನಾಪುರದ ಹೈನುಗಾರ
ಮೇಡಂ ಹೇಳಿದ್ದು ಸರಿ, ಆದರೆ ನಮ್ಮಂಥವರ ಚಿಂತೆ ಗಾಳಿಗಿಂತ ಹುಲ್ಲಿನದು. ಹುಲ್ಲಿನ ಮೇಲೆ ಬಿದ್ದ ಅಯೋಡಿನ್ ಆಕಳ ಹಾಲಿಗೆ ಇಳಿದು, ಆ ಹಾಲು ಕುಡಿದ ಮಕ್ಕಳ ಥೈರಾಯ್ಡಿನಲ್ಲಿ ಕೂಡುತ್ತದೆ. ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ 1957ರಲ್ಲಿ ಅಣು ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ಚೆಲ್ಲಿಸಿದ್ದು ಇದೇ ಕಾರಣಕ್ಕೆ. ಅಯೋಡಿನ್-131 ಎಂಟು ದಿನಕ್ಕೊಮ್ಮೆ ಅರ್ಧವಾಗುವುದರಿಂದ, ಮೊದಲೇ ಒಟ್ಟಿದ ಬಣವಿಯ ಮೇವು ಹಾಕಿ ಆಕಳನ್ನು ಕೊಟ್ಟಿಗೆಯಲ್ಲಿ ಕಟ್ಟಿದರೆ ಬಹುಪಾಲು ಅಪಾಯ ತಪ್ಪುತ್ತದೆ. ಫುಕುಶಿಮಾದಲ್ಲಿ ಜನರನ್ನು ತೆರವುಗೊಳಿಸಿದ 20 ಕಿಲೋಮೀಟರ್ ವೃತ್ತದ ಆಚೆಗಿದ್ದ ಈಟಾಟೆ ಹಳ್ಳಿ ಹೊಲಸಾದದ್ದು ಅಂದಿನ ಗಾಳಿ ಮತ್ತು ಮಳೆ, ಹಿಮದಿಂದ. ನಮ್ಮ ಮಳೆಗಾಲ ನೆನೆದರೆ ಬರೀ ದೂರ ನೋಡಿ ಕೂರಲಾಗದು.

ಉತ್ತರ 3: ಬೆಳಗಾವಿಯ ನಿವೃತ್ತ ತಂತ್ರಜ್ಞ
ಮೀಟರ್ ನಿಷ್ಪ್ರಯೋಜಕವೆಂದು ಯಾರೂ ತಿಳಿಯಬಾರದು. ಜಪಾನಿನಲ್ಲಿ 2011ರ ಬಳಿಕ ಸ್ವಯಂಸೇವಕರು ಕಾರುಗಳಿಗೆ ಮೀಟರ್ ಕಟ್ಟಿಕೊಂಡು ಬೀದಿ ಬೀದಿಯ ನಕ್ಷೆ ಮಾಡಿದರು. ಒಂದೇ ಜಾಗ, ಒಂದೇ ಎತ್ತರದಲ್ಲಿ ಹತ್ತು ನಿಮಿಷದ ಸರಾಸರಿಯನ್ನು ದಿನವೂ ಬರೆದಿಡಿ. ಸಹಜ ಮಟ್ಟ ಮೊದಲೇ ಗೊತ್ತಿಲ್ಲದಿದ್ದರೆ ನಾಳಿನ ಏರಿಕೆಯನ್ನು ಯಾವುದಕ್ಕೆ ಹೋಲಿಸುವಿರಿ? ಮಳೆ ಬಿದ್ದ ಹೊತ್ತಿನಲ್ಲಿ ನೆಲದಿಂದ ಹೊಮ್ಮುವ ರೇಡಾನ್ ಅನಿಲದ ಸಂತತಿ (ಅದು ಒಡೆದು ಉಂಟಾದ ವಿಕಿರಣಶೀಲ ಕಣಗಳು) ಕೆಳಗಿಳಿದು ಅಂಕಿ ತುಸು ಜಿಗಿಯುತ್ತದೆ, ಅದನ್ನೂ ಗುರುತು ಹಾಕಿಕೊಳ್ಳಿ.

ಶಿಕ್ಷಕ: ಪಡಸಾಲೆ ಬಿಟ್ಟು ಶಾಲೆಯ ಅಂಗಳದ ಬೇವಿನ ಕೆಳಗೆ, ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಸ್ಟ್ಯಾಂಡ್ ನಿಲ್ಲಿಸಿದ್ದೇವೆ. ದಾಖಲೆ ಪುಸ್ತಕ ಆ ಹುಡುಗಿಯ ಕೈಯಲ್ಲಿದೆ.