ಅಪ್‌ಡೇಟ್: ಎಂಟನೇ ತರಗತಿಗೆ ಪಾಲುದಾರಿಕೆ ಪಾಠ

ಬಿ.ಕಾಂ. ಮುಗಿಸಿ ಬಿ.ಇಡಿ. ಮಾಡ್ತಿದ್ದೀನಿ, ಎಂಟನೇ ತರಗತಿಗೆ ವ್ಯವಹಾರ ಅಧ್ಯಯನದ ಪಾಲುದಾರಿಕೆ ಪಾಠ ಹೇಗೆ ಮಾಡೋದು ಅಂತ ಹೋದ ವಾರ ಕೇಳಿದ್ದೆ. ನಿನ್ನೆ ಪಾಠ ಆಯ್ತು, ಚೆನ್ನಾಗೇ ಆಯ್ತು!

ಚಾರ್ಟ್ ತೋರಿಸಿ ಅಂತ ಬಂದ ಸಲಹೆ ಕೆಲಸ ಮಾಡಲಿಲ್ಲ, ಮಕ್ಕಳು ಸುಮ್ಮನೆ ನೋಡಿ ಬರ್ಕೊಂಡ್ರು. ಕೈಹಿಡಿದದ್ದು "ಜಾತ್ರೇಲಿ ಮಂಡಕ್ಕಿ ಅಂಗಡಿ ಹಾಕಿಸಿ" ಅಂದವರ ಮಾತು. ನಾಲ್ವರು ಬೇರೆ ಬೇರೆ ಮೊತ್ತದ ಬಂಡವಾಳ ಹಾಕಿದ ಹಾಗೆ ಲೆಕ್ಕ ಬರೆದ್ರು. ಆಮೇಲೆ ಮಳೆ ಬಂದು ಮಾಲೆಲ್ಲ ಹಾಳು ಅಂದೆ. "ಉಳಿದ ಪಾಲುದಾರರು ಕೊಡದಿದ್ರೆ ಅಂಗಡಿ ಸಾಲ ನಮ್ಮನೆಯಿಂದ ತೀರಿಸ್ಬೇಕಾ ಮಿಸ್?" ಅಂತ ಒಬ್ಬಳು ಕೇಳಿದಳು. ಅಪರಿಮಿತ ಹೊಣೆಗಾರಿಕೆ (ಅಂದ್ರೆ ವ್ಯವಹಾರದ ಸಾಲಕ್ಕೆ ಸ್ವಂತ ಆಸ್ತಿಯಿಂದಲೂ ಕೊಡಬೇಕಾಗೋದು) ಅನ್ನೋ ಪದವನ್ನ ಆಗಲೇ ಬೋರ್ಡ್ ಮೇಲೆ ಬರೆದೆ.

ನನಗೂ ಹೊಸದು: ಲಾಭ ಹೇಗೆ ಹಂಚ್ಕೋಬೇಕು ಅಂತ ಮೊದಲೇ ಮಾತಾಗಿರದಿದ್ರೆ, 1932ರ ಪಾಲುದಾರಿಕೆ ಕಾಯಿದೆ ಪ್ರಕಾರ ಲಾಭ ಸಮಪಾಲು. ಜಾಸ್ತಿ ದುಡ್ಡು ಹಾಕಿದ ಹುಡುಗ ಜಗಳಕ್ಕೇ ನಿಂತ! ಎರಡು ಪೀರಿಯಡ್ ಇಟ್ಕೊಳ್ಳಿ, ಒಂದು ಸಾಕಾಗಲ್ಲ.